ಕೊಬ್ಬಿನ ಗುಳ್ಳೆಯೊಳಗಿನ ಕೆಂಪು ಮದ್ದು

ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ 1970ರ ದಶಕದಿಂದಲೂ ಕ್ಯಾನ್ಸರ್ ವೈದ್ಯರ ಬಲಗೈ. ಆದರೆ ದೇಹಕ್ಕೆ ಸೇರಿದ ಒಟ್ಟು ಪ್ರಮಾಣ ಮಿತಿ ಮೀರಿದರೆ ಅದು ಹೃದಯದ ಸ್ನಾಯುವನ್ನೇ ಕೆಡಿಸುತ್ತಿತ್ತು. ಗಡ್ಡೆ ಕರಗುತ್ತಿದ್ದರೂ ಮದ್ದು ನಿಲ್ಲಿಸಬೇಕಾದ ಸಂಕಟ ಅದು.

ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಯೆಹೆಜ್ಕೆಲ್ ಬಾರೆನ್‌ಹೋಲ್ಜ್ ಇದಕ್ಕೆ ಪರಿಹಾರ ಹುಡುಕಿದ್ದು ಕೊಬ್ಬಿನ ಗುಳ್ಳೆಗಳಲ್ಲಿ. ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಅಣುಗಳನ್ನು ನೀರಿಗೆ ಹಾಕಿದರೆ ಅವು ತಾವಾಗಿಯೇ ಎರಡು ಪದರದ ಗುಳ್ಳೆಗಳಾಗುತ್ತವೆ ಎಂದು ಇಂಗ್ಲೆಂಡಿನ ಆಲೆಕ್ ಬ್ಯಾಂಗಮ್ 1960ರ ದಶಕದಲ್ಲಿ ತೋರಿಸಿದ್ದರು. ಅವೇ ಲಿಪೊಸೋಮ್‌ಗಳು. ಅವುಗಳೊಳಗೆ ಮದ್ದು ತುಂಬಿ ಕಳಿಸಿದರೆ ಹೃದಯ ಉಳಿದೀತಲ್ಲವೇ? ಹದಾಸಾ ಆಸ್ಪತ್ರೆಯ ಕ್ಯಾನ್ಸರ್ ತಜ್ಞ ಆಲ್ಬರ್ಟೊ ಗಾಬಿಜೋನ್ ಬಾರೆನ್‌ಹೋಲ್ಜ್ ಜೊತೆಗೂಡಿದರು.

ಮೊದಲ ಮದ್ದು ಸೋತಿತು.

1980ರ ದಶಕದಲ್ಲಿ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಗುಳ್ಳೆಗಳನ್ನು ಯಕೃತ್ತು ಹಿಡಿದು ನುಂಗಿತು. ಉಳಿದವುಗಳಿಂದ ಮದ್ದು ರಕ್ತದಲ್ಲೇ ಸೋರಿಹೋಯಿತು. ಆ ಸೋಲನ್ನು ಅವರು ಮುಚ್ಚಿಡದೆ, ಏನೇನು ಸರಿಯಾಗಬೇಕೆಂದು ಅದರಿಂದಲೇ ಕಲಿತರು. ಯಕೃತ್ತಿನ ಕಣ್ಣು ತಪ್ಪಿಸಲು ಗುಳ್ಳೆಯ ಮೈಗೆ ಪಾಲಿಎಥಿಲೀನ್ ಗ್ಲೈಕಾಲ್ ಲೇಪಿಸಲಾಯಿತು. ಸೋರಿಕೆ ತಡೆಯಲು ಒಳಗೆ ಅಮೋನಿಯಂ ಸಲ್ಫೇಟ್ ಇರಿಸಲಾಯಿತು. ಹೊರಗಿನ ಮದ್ದು ಪೊರೆ ದಾಟಿ ಒಳಬರುತ್ತದೆ, ಸಲ್ಫೇಟ್ ಜೊತೆ ಸೇರಿ ಹರಳುಗಟ್ಟುತ್ತದೆ, ಮತ್ತೆ ಸುಲಭವಾಗಿ ಹೊರಬೀಳದು. ಸುಮಾರು 100 ನ್ಯಾನೊಮೀಟರ್ ಗಾತ್ರದ ಒಂದೊಂದು ಗುಳ್ಳೆಯಲ್ಲೂ ಹತ್ತು ಸಾವಿರಕ್ಕೂ ಹೆಚ್ಚು ಮದ್ದಿನ ಅಣುಗಳು. ಆರೋಗ್ಯವಂತ ರಕ್ತನಾಳದ ಗೋಡೆಯಲ್ಲಿ ನುಸುಳಲಾರದ ಈ ಗುಳ್ಳೆ, ಗಡ್ಡೆಯ ಬಿರುಕುಬಿಟ್ಟ ನಾಳಗಳಲ್ಲಿ ನುಸುಳಬಲ್ಲದು.

ಕ್ಯಾಲಿಫೋರ್ನಿಯಾದ ಲಿಪೊಸೋಮ್ ಟೆಕ್ನಾಲಜಿ ಕಂಪನಿ ಇದನ್ನು ಡಾಕ್ಸಿಲ್ ಆಗಿ ಬೆಳೆಸಿತು. 1995ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಏಡ್ಸ್ ರೋಗಿಗಳಲ್ಲಿ ಕಾಣುವ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರ್‌ಗೆ ಅನುಮತಿ ನೀಡಿದಾಗ, ಅದು ಎಫ್‌ಡಿಎ ಮನ್ನಣೆ ಪಡೆದ ಮೊದಲ ನ್ಯಾನೊ ಔಷಧವಾಯಿತು. 1999ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೂ ಬಳಕೆಗೆ ಬಂತು.

ಇದು ಪವಾಡವಲ್ಲ. ಹರಡಿದ ಸ್ತನ ಕ್ಯಾನ್ಸರ್‌ನ ಹೋಲಿಕೆ ಪರೀಕ್ಷೆಯಲ್ಲಿ ಡಾಕ್ಸಿಲ್ ಹಳೆಯ ಮದ್ದಿನಷ್ಟೇ ಕೆಲಸ ಮಾಡಿತು, ಹೆಚ್ಚಲ್ಲ. ಅಂಗೈ, ಅಂಗಾಲುಗಳ ಚರ್ಮ ಕೆಂಪಾಗಿ ನೋಯುವ ಹೊಸ ತೊಂದರೆಯೂ ಬಂತು. ಆದರೆ ಹೃದಯಕ್ಕಾಗುವ ಹಾನಿ ಗಣನೀಯವಾಗಿ ತಗ್ಗಿತು. ಬಾರೆನ್‌ಹೋಲ್ಜ್ ಹೊರಟಿದ್ದೂ ಅದಕ್ಕಾಗಿಯೇ.

2011ರಲ್ಲಿ ಉತ್ಪಾದನೆಯ ತೊಡಕಿನಿಂದ ಅಮೆರಿಕದಲ್ಲಿ ಡಾಕ್ಸಿಲ್ ಸಿಗದಾದಾಗ ರೋಗಿಗಳು ಚಿಕಿತ್ಸೆಗೆ ಕಾಯಬೇಕಾಯಿತು. ಆಗ ಎಫ್‌ಡಿಎ ಮೊರೆಹೋದದ್ದು ಭಾರತದ ಸನ್ ಫಾರ್ಮಾ ಕಂಪನಿಯ ಲಿಪೊಡಾಕ್ಸ್ ಎಂಬ ಅದೇ ಬಗೆಯ ಮದ್ದಿಗೆ. 2012ರಲ್ಲಿ ಅದರ ಆಮದಿಗೆ ತಾತ್ಕಾಲಿಕ ಒಪ್ಪಿಗೆ ದೊರೆಯಿತು. 2013ರಲ್ಲಿ ಅದೇ ಕಂಪನಿಯ ಜೆನೆರಿಕ್‌ ಔಷಧಕ್ಕೆ ಪೂರ್ಣ ಅನುಮತಿ ಸಿಕ್ಕಿತು.