ಹಾಡು ಹುಟ್ಟಿದ ಕಥೆ: ನೆನಪು ಎಷ್ಟರ ಮಟ್ಟಿಗೆ ಇತಿಹಾಸ?

ಪಾಶ್ಚಾತ್ಯ ಪಾಪ್ ಮತ್ತು ರಾಕ್ ಸಂಗೀತವು 1960ರ ದಶಕದಲ್ಲಿ ಜಗತ್ತನ್ನೆಲ್ಲ ವ್ಯಾಪಿಸಿದಾಗ ಅದನ್ನು ಹಾಡಿದವರು ಇಪ್ಪತ್ತರ ಆಸುಪಾಸಿನ ತರುಣರು. ಅವರಲ್ಲಿ ಉಳಿದವರು ಇಂದು ಎಂಬತ್ತರ ಸಮೀಪದ ವೃದ್ಧರು. ತಮ್ಮ ಪ್ರಸಿದ್ಧ ಗೀತೆಗಳು ಹೇಗೆ ಹುಟ್ಟಿದವೆಂಬುದನ್ನು ಅವರು ಆತ್ಮಕಥೆಗಳಲ್ಲಿ, ಸಂದರ್ಶನಗಳಲ್ಲಿ, ಸಾಕ್ಷ್ಯಚಿತ್ರಗಳಲ್ಲಿ ಹೇಳುತ್ತ ಬಂದಿದ್ದಾರೆ. ಕೇಳಲು ರಸವತ್ತಾದ ಈ ಕಥನಗಳನ್ನು ಇತಿಹಾಸದ ಆಕರವೆಂದು ಎಷ್ಟರ ಮಟ್ಟಿಗೆ ಅಂಗೀಕರಿಸಬಹುದು? ಜೀವಮಾನವಿಡೀ ಇತಿಹಾಸ ಬೋಧಿಸಿ ನಿವೃತ್ತನಾದವನಿಗೆ ಈ ಪ್ರಶ್ನೆ ಏಳುವುದು ಸಹಜ. ನಮ್ಮ ಸಮ್ಮೇಳನದ ಸಂಚಿಕೆಗೆ ಇದೆಂತಹ ವಿಷಯವೆಂದು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಆದರೆ ಅವರ ಮೊಮ್ಮಕ್ಕಳು ಗಿಟಾರ್ ಕೈಗೆತ್ತಿಕೊಂಡೊಡನೆ ಮೊದಲು ನುಡಿಸಲು ಯತ್ನಿಸುವುದು, ಬಹುಶಃ, ನಾನೀಗ ಹೇಳಲಿರುವ ಹಾಡನ್ನೇ.

'ಡೀಪ್ ಪರ್ಪಲ್' ಎಂಬ ಇಂಗ್ಲಿಷ್ ತಂಡದ ಐವರು 1971ರ ಡಿಸೆಂಬರ್ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಮೊಂಟ್ರೂ ಪಟ್ಟಣಕ್ಕೆ ಬಂದರು. ಜಿನೀವಾ ಸರೋವರದ ದಂಡೆಯ ಮೇಲಿರುವ ಆ ಊರಿನ ಕ್ಯಾಸಿನೋ ಕಟ್ಟಡದಲ್ಲಿ ಹೊಸ ಗೀತೆಗಳನ್ನು ಧ್ವನಿಮುದ್ರಿಸುವುದು ಅವರ ಉದ್ದೇಶ. ಅದಕ್ಕಾಗಿ ರೋಲಿಂಗ್ ಸ್ಟೋನ್ಸ್ ತಂಡದವರ ಸಂಚಾರಿ ಧ್ವನಿಮುದ್ರಣ ಲಾರಿಯನ್ನು ಗೊತ್ತುಮಾಡಿದ್ದರು. ಡಿಸೆಂಬರ್ 4ರಂದು ಅದೇ ಸಭಾಂಗಣದಲ್ಲಿ ಅಮೆರಿಕದ ಫ್ರಾಂಕ್ ಜಪ್ಪಾ ಅವರ ಕಚೇರಿ ನಡೆಯುತ್ತಿತ್ತು. ಪ್ರೇಕ್ಷಕರಲ್ಲೊಬ್ಬನು ಹಡಗುಗಳಲ್ಲಿ ಸಂಕೇತಕ್ಕಾಗಿ ಬಳಸುವ ಬಗೆಯ ಪಿಸ್ತೂಲಿನಿಂದ ಚಾವಣಿಗೆ ಉರಿಬಾಣ ಹಾರಿಸಿದನು. ಕಟ್ಟಡವೇ ಸುಟ್ಟುಹೋಯಿತು. ಮೊಂಟ್ರೂ ಜಾಜ್ ಉತ್ಸವದ ಸ್ಥಾಪಕರಾದ ಕ್ಲೋಡ್ ನೋಬ್ಸ್ ಜನರನ್ನು ಹೊರಗೆ ತರುವುದಕ್ಕೆ ನೆರವಾದರು, ಪುಣ್ಯವಶಾತ್ ಪ್ರಾಣಹಾನಿಯಾಗಲಿಲ್ಲ. ಜಪ್ಪಾ ತಂಡದ ವಾದ್ಯಗಳೆಲ್ಲ ಭಸ್ಮವಾದವು. ಅದೇ ವಾರ ಲಂಡನ್ನಿನಲ್ಲಿ ಪ್ರೇಕ್ಷಕನೊಬ್ಬ ಜಪ್ಪಾ ಅವರನ್ನು ವೇದಿಕೆಯಿಂದ ಕೆಳಕ್ಕೆ ನೂಕಿ ತೀವ್ರ ಗಾಯಗೊಳಿಸಿದನೆಂಬುದು ಬೇರೆಯೇ ಕಥೆ.

ಸರೋವರದ ಮೇಲೆ ಹಬ್ಬುತ್ತಿದ್ದ ಹೊಗೆಯನ್ನು ಡೀಪ್ ಪರ್ಪಲ್ ತಂಡದವರು ದೂರದಿಂದ ನೋಡಿದರು. ಕೆಲವು ದಿನಗಳ ತರುವಾಯ ನಿದ್ದೆಯಿಂದ ಏಳುವಾಗ 'ಸ್ಮೋಕ್ ಆನ್ ದ ವಾಟರ್' ಎಂಬ ಮಾತು ತಾನಾಗಿ ತಮ್ಮ ಬಾಯಿಗೆ ಬಂದಿತೆಂದು ತಂಡದ ಬಾಸ್ ಗಿಟಾರ್ ವಾದಕ ರೋಜರ್ ಗ್ಲೋವರ್ ಹೇಳುತ್ತಾರೆ. ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಹೊಸೆದ ಸ್ವರಪಂಕ್ತಿಯನ್ನು ಪೆವಿಲಿಯನ್ ಎಂಬ ರಂಗಮಂದಿರದಲ್ಲಿ ರಾತ್ರಿ ಮುದ್ರಿಸುತ್ತಿರುವಾಗ ನೆರೆಹೊರೆಯವರ ದೂರಿನ ಮೇಲೆ ಪೊಲೀಸರು ಬಂದರು. ವಾದನ ಮುಗಿಯುವ ತನಕ ಸಹಾಯಕರು ಒಳಗಿನಿಂದ ಬಾಗಿಲನ್ನು ಒತ್ತಿ ಹಿಡಿದಿದ್ದರಂತೆ. ಆಮೇಲೆ ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಓಣಿಗಳಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿ ಉಳಿದ ಕೆಲಸವನ್ನು ಪೂರೈಸಿದರು.

ಈ ಕಥನವನ್ನು ನಾನು ಬಹುಮಟ್ಟಿಗೆ ನಂಬುತ್ತೇನೆ. ಮೊದಲನೆಯದಾಗಿ, ಹಾಡಿನ ಸಾಹಿತ್ಯವೇ ನಮ್ಮ ಕಲ್ಲಿನ ಶಾಸನಗಳ ರೀತಿಯಲ್ಲಿದೆ. ಊರು, ಸರೋವರ, ಕಚೇರಿ ನಡೆಸಿದವರು, ಬೆಂಕಿ ಹತ್ತಿದ ಬಗೆ, ಜನರನ್ನು ಕಾಪಾಡಿದ ಕ್ಲೋಡ್ ಎಲ್ಲವೂ ಅದರಲ್ಲಿ ಉಕ್ತವಾಗಿವೆ. ತಿಥಿವಾರಗಳು ಮಾತ್ರ ಇಲ್ಲ. ಅದು ಮುಪ್ಪಿನಲ್ಲಿ ನೆನೆದು ಬರೆದದ್ದಲ್ಲ, ಬೂದಿ ಆರುವ ಮುನ್ನವೇ ಬರೆದದ್ದು. ಅದಲ್ಲದೆ ಆ ರಾತ್ರಿಯ ಕಚೇರಿಯನ್ನು ಯಾರೋ ಧ್ವನಿಮುದ್ರಿಸಿಕೊಂಡಿದ್ದರು. ಶಾಂತರಾಗಿ ಹೊರಗೆ ನಡೆಯಿರೆಂದು ಜಪ್ಪಾ ಜನರಿಗೆ ಹೇಳುವುದನ್ನು ಇಂದಿಗೂ ಕೇಳಬಹುದು. ಮತ್ತೊಂದು ಅಂಶವೂ ಉಂಟು. ಈ ಹಾಡು ಇಷ್ಟು ಪ್ರಸಿದ್ಧವಾಗುವುದೆಂದು ತಮಗೇ ತಿಳಿದಿರಲಿಲ್ಲವೆಂದು ಅವರು ಒಪ್ಪುತ್ತಾರೆ. 1972ರಲ್ಲಿ 'ಮೆಷಿನ್ ಹೆಡ್' ಎಂಬ ಧ್ವನಿಮುದ್ರಿಕೆ ಬಂದಾಗ ಅವರು ಭರವಸೆಯಿಟ್ಟು ಮುಂದೆ ಮಾಡಿದ್ದು ಅದರಲ್ಲಿನ ಬೇರೊಂದು ಗೀತೆಯನ್ನು. 'ಸ್ಮೋಕ್ ಆನ್ ದ ವಾಟರ್' ಬಿಡಿಯಾಗಿ ಹೊರಬಂದು ಅಮೆರಿಕದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿದ್ದು 1973ರಲ್ಲಿ. ತನ್ನ ದೂರದೃಷ್ಟಿಯನ್ನು ಹೊಗಳಿಕೊಳ್ಳದ ಸಾಕ್ಷಿಯ ಮಾತಿಗೆ ತೂಕ ಹೆಚ್ಚು. ಗ್ಲೋವರ್ ಅವರ ನಿದ್ದೆಗಣ್ಣಿನ ಮಾತಿಗೆ ಮಾತ್ರ ಬೇರೆ ಸಾಕ್ಷಿಯಿಲ್ಲ; ಅದನ್ನು ಅವರ ಮಾತೆಂದೇ ಉಳಿಸಿಕೊಳ್ಳಬೇಕು.

ಎಲ್ಲ ಕಥೆಗಳೂ ಇಷ್ಟು ಭದ್ರವಾಗಿ ನಿಲ್ಲುವುದಿಲ್ಲ. ಬೀಟಲ್ಸ್ ತಂಡವು 1966ರಲ್ಲಿ ಪ್ರಕಟಿಸಿದ 'ಎಲಿನರ್ ರಿಗ್ಬಿ' ಒಬ್ಬ ಒಂಟಿ ಹೆಂಗಸಿನ ಹಾಡು. ಎಲಿನರ್ ಎಂಬುದನ್ನು ತಮ್ಮೊಡನೆ 'ಹೆಲ್ಪ್' ಚಿತ್ರದಲ್ಲಿ ನಟಿಸಿದ ಎಲಿನರ್ ಬ್ರಾನ್ ಅವರಿಂದಲೂ, ರಿಗ್ಬಿ ಎಂಬುದನ್ನು ಬ್ರಿಸ್ಟಲ್ ನಗರದ ಅಂಗಡಿಯೊಂದರ ಫಲಕದಿಂದಲೂ ಪಡೆದೆನೆಂದು ಪಾಲ್ ಮೆಕಾರ್ಟ್ನಿ ಹೇಳುತ್ತ ಬಂದಿದ್ದರು. ಆದರೆ ಲಿವರ್‌ಪೂಲಿನ ವುಲ್ಟನ್‌ನಲ್ಲಿರುವ ಸೇಂಟ್ ಪೀಟರ್ಸ್ ಚರ್ಚಿನ ಸ್ಮಶಾನದಲ್ಲಿ, 1939ರಲ್ಲಿ ತೀರಿಕೊಂಡ ಎಲಿನರ್ ರಿಗ್ಬಿ ಎಂಬಾಕೆಯ ಸಮಾಧಿಶಿಲೆಯಿದೆ! 1957ರ ಜುಲೈ 6ರಂದು ಮೆಕಾರ್ಟ್ನಿ ಮತ್ತು ಜಾನ್ ಲೆನನ್ ಮೊದಲು ಭೇಟಿಯಾದದ್ದು ಅದೇ ಚರ್ಚಿನ ಉತ್ಸವದಲ್ಲಿ. ಆ ಕಲ್ಲಿನ ಹೆಸರು ಅರಿವಿಲ್ಲದೆಯೇ ಮನಸ್ಸಿನಲ್ಲಿ ಉಳಿದಿದ್ದೀತು ಎಂದು ಮೆಕಾರ್ಟ್ನಿ ಅನಂತರ ಒಪ್ಪಿದ್ದಾರೆ. ಕಲ್ಲು ಹೆಸರನ್ನು ಹೇಳುತ್ತದೆ, ಅದನ್ನು ಯಾರು ಓದಿಕೊಂಡರೆಂದು ಹೇಳುವುದಿಲ್ಲ. ಹಾಗೆಂದು ಮೆಕಾರ್ಟ್ನಿಯವರನ್ನು ಸುಳ್ಳುಗಾರರೆನ್ನುವುದೂ ಅನ್ಯಾಯವೇ.

1953ರಲ್ಲಿ ನಮ್ಮ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಬಗೆಯನ್ನು ಹಿರಿಯರ ಬಾಯಿಂದ ಕೇಳಿದ ನಮಗೆ ಈ ತೊಡಕು ಹೊಸದಲ್ಲ. ಅವರ ನೆನಪಿನಲ್ಲಿ ತಾರೀಖು ಜಾರಿರುತ್ತದೆ, ಅಂದು ಬಜಾರಿನಲ್ಲಿ ಯಾರು ಯಾರೊಡನೆ ವಾದಿಸಿದರೆಂಬುದು ಅಚ್ಚಳಿಯದೆ ಉಳಿದಿರುತ್ತದೆ.

ನೆನಪಿನ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿದ ಸಂದರ್ಭವೂ ಒಂದುಂಟು. 'ಪ್ರೋಕಲ್ ಹಾರಮ್' ತಂಡದ 'ಎ ವೈಟರ್ ಶೇಡ್ ಆಫ್ ಪೇಲ್' 1967ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಆರು ವಾರ ಅಗ್ರಸ್ಥಾನದಲ್ಲಿತ್ತು. ಕರ್ತೃಗಳೆಂದು ಅಚ್ಚಾದ ಹೆಸರು ಎರಡೇ: ಗ್ಯಾರಿ ಬ್ರೂಕರ್, ಕೀತ್ ರೀಡ್. ಆದರೆ ಕೇಳುಗರ ಕಿವಿಯಲ್ಲಿ ಉಳಿದದ್ದು ಬಾಖ್‌ನ ಛಾಯೆಯುಳ್ಳ ಆರ್ಗನ್ ವಾದನ. ಅದನ್ನು ನುಡಿಸಿದವರು ಮ್ಯಾಥ್ಯೂ ಫಿಷರ್. ಆ ಸ್ವರಪಂಕ್ತಿ ತಮ್ಮ ರಚನೆಯೆಂದು ಫಿಷರ್ ದಾವೆ ಹೂಡಿದ್ದು 2005ರಲ್ಲಿ, ಅಂದರೆ 38 ವರ್ಷಗಳ ಮೇಲೆ. ಫಿಷರ್ ತಂಡಕ್ಕೆ ಬರುವ ಮೊದಲೇ ಹಾಡು ಸಿದ್ಧವಾಗಿತ್ತೆಂಬುದು ಬ್ರೂಕರ್ ಅವರ ವಾದ. 2006ರಲ್ಲಿ ಹೈಕೋರ್ಟು ಫಿಷರ್ ಅವರನ್ನು ಸಹಕರ್ತೃವೆಂದು ಮಾನ್ಯಮಾಡಿ, ಸಂಗೀತದ ಹಕ್ಕಿನಲ್ಲಿ ಶೇಕಡಾ 40ರ ಪಾಲನ್ನು ನೀಡಿತು. 2008ರಲ್ಲಿ ಮೇಲ್ಮನವಿ ನ್ಯಾಯಾಲಯವು ಹೆಸರನ್ನು ಉಳಿಸಿ, ವಿಳಂಬದ ಕಾರಣದಿಂದ ಹಣವನ್ನು ನಿರಾಕರಿಸಿತು. ಆಗ ಆ ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2009ರ ಜುಲೈ 30ರಂದು ಅದನ್ನೂ ಸರ್ವಾನುಮತದಿಂದ ಮರಳಿ ಕೊಟ್ಟಿತು. ತೀರ್ಪಿತ್ತವರಲ್ಲಿ ಒಬ್ಬರಾದ ಬ್ಯಾರನೆಸ್ ಹೇಲ್, ತಾವೂ ಅರವತ್ತರ ದಶಕವನ್ನು ಬಲ್ಲವರೆಂದೂ ಆ ವಾದನದ ಕರ್ತೃವಿಗೆ ಕಡೆಗಾದರೂ ಮನ್ನಣೆ ದೊರೆತದ್ದು ಸಂತಸವೆಂದೂ ಬರೆದರು.

ಬ್ರೂಕರ್ 2022ರಲ್ಲಿ, ರೀಡ್ 2023ರಲ್ಲಿ ನಿಧನರಾದರು. ದಾವೆಗೆ ಹಿಂದಿನ 38 ವರ್ಷಗಳ ಗಳಿಕೆಯಲ್ಲಿ ಫಿಷರ್ ಅವರಿಗೆ ಪಾಲು ದಕ್ಕಲಿಲ್ಲ. ಕರ್ತೃಗಳ ಸಾಲಿನಲ್ಲಿ ಮೂರನೆಯ ಹೆಸರಿಗೆ ಸ್ಥಾನ ದಕ್ಕಿತು.