‘ವಾಲಪ್’ ಶಬ್ದದ ಅರ್ಥವಿಚಾರ

ಆಂಗ್ಲಭಾಷೆಯ ಆಡುನುಡಿಯಲ್ಲಿ ಹೊಡೆತವನ್ನು ಸೂಚಿಸುವ ಶಬ್ದಗಳು ಹಲವುಂಟು. ಅವುಗಳಲ್ಲಿ ‘ವಾಲಪ್’ ಎಂಬುದರ ಚರಿತ್ರೆಯು ಶಬ್ದನಿರ್ವಚನದಲ್ಲಿ ಆಸಕ್ತರಾದವರು ಗಮನಿಸತಕ್ಕುದಾಗಿದೆ. ಈ ಶಬ್ದವು ಕ್ರಿಯಾಪದವಾದಾಗ ಬಲವಾಗಿ ಬಡಿಯುವುದೆಂದೂ, ನಾಮಪದವಾದಾಗ ಭಾರವಾದ ಪೆಟ್ಟೆಂದೂ ಅರ್ಥಕೊಡುತ್ತದೆ. ಆಟದಲ್ಲಿ ಎದುರಾಳಿಯನ್ನು ಸಂಪೂರ್ಣವಾಗಿ ಸೋಲಿಸುವುದನ್ನೂ ಇದರಿಂದಲೇ ಹೇಳುವರು. ‘ವಾಲಪಿಂಗ್’ ಎಂಬ ವಿಶೇಷಣಕ್ಕೆ ‘ಬಹು ದೊಡ್ಡ’ ಎಂಬಷ್ಟೇ ಅರ್ಥ. ಅಲ್ಲಿ ಪೆಟ್ಟಿನ ಭಾವವೇ ಉಳಿದಿಲ್ಲ. ಶಬ್ದದಲ್ಲಿ ಹಾಸ್ಯದ ಲೇಪವಿರುವುದರಿಂದ ಗಂಭೀರವಾದ ಗದ್ಯದಲ್ಲಿ ಇದಕ್ಕೆ ಪ್ರವೇಶ ವಿರಳ.

ಈ ಶಬ್ದದ ಹುಟ್ಟಿನ ವಿಷಯವಾಗಿ ಒಂದು ಐತಿಹ್ಯವು ಪ್ರಚಾರದಲ್ಲಿದೆ. ಎಂಟನೆಯ ಹೆನ್ರಿಯ ಕಾಲದಲ್ಲಿ ಫ್ರೆಂಚರು ಇಂಗ್ಲೆಂಡಿನ ತೀರದಲ್ಲಿದ್ದ ಬ್ರೈಟನ್ ಊರನ್ನು ಸುಟ್ಟರು. ಅದಕ್ಕೆ ಪ್ರತೀಕಾರವಾಗಿ ಸರ್ ಜಾನ್ ವಾಲಪ್ ಎಂಬ ನೌಕಾನಾಯಕನು 1514ರ ಸುಮಾರಿಗೆ ನಾರ್ಮಂಡಿಯ ಕರಾವಳಿಯ ಗ್ರಾಮಗಳನ್ನು ದಹಿಸಿದನು. ಅಂದಿನಿಂದ ಅವನ ಹೆಸರೇ ಹೊಡೆತಕ್ಕೆ ಪರ್ಯಾಯವಾಯಿತು ಎಂಬುದು ಕಥೆ. ದಂಡಯಾತ್ರೆಯು ಚರಿತ್ರೆಗೆ ಸೇರಿದ್ದು; ಆದರೆ ಅದರಿಂದ ತೆಗೆದ ವ್ಯುತ್ಪತ್ತಿಯು ನಿಲ್ಲುವುದಿಲ್ಲ. ಏಕೆಂದರೆ ಬಡಿಯುವುದೆಂಬ ಅರ್ಥದಲ್ಲಿ ಈ ಕ್ರಿಯಾಪದದ ಪ್ರಯೋಗವು ದೊರೆಯುವುದು 1820ರ ಸುಮಾರಿನಿಂದ. ನಡುವಣ ಮುನ್ನೂರು ವರ್ಷಗಳ ಮೌನಕ್ಕೆ ಕಥೆಯಲ್ಲಿ ಸಮಾಧಾನವಿಲ್ಲ. ನಾಯಕನ ವಂಶನಾಮವಾದರೋ ಹ್ಯಾಂಪ್‌ಶೈರ್ ಪ್ರಾಂತದ ವಾಲಪ್ ಎಂಬ ಗ್ರಾಮದಿಂದ ಬಂದುದು. ಆ ಗ್ರಾಮದ ಹೆಸರು 1086ರ ಡೂಮ್ಸ್‌ಡೇ ದಾಖಲೆಯಲ್ಲಿಯೇ ಕಂಡುಬರುತ್ತದೆ. ನೀರಿನ ಒರತೆಯುಳ್ಳ ಕಣಿವೆಯೆಂದು ಅದನ್ನು ವಿದ್ವಾಂಸರು ವಿವರಿಸುತ್ತಾರೆ.

ಶಬ್ದದ ನಿಜವಾದ ಪೂರ್ವವೃತ್ತಾಂತವು ಬೇರೆ. ಹದಿನಾಲ್ಕನೆಯ ಶತಮಾನದ ಆಂಗ್ಲಭಾಷೆಯಲ್ಲಿ ‘ವಾಲಪ್’ ಎಂದರೆ ಕುದುರೆಯ ನಾಗಾಲೋಟ. ಉತ್ತರ ಫ್ರಾನ್ಸಿನ ನುಡಿಯಲ್ಲಿ ಕೆಲವು ಶಬ್ದಗಳ ಆದಿಯಲ್ಲಿ ವಕಾರವು ಉಳಿದರೆ, ಮಧ್ಯ ಫ್ರಾನ್ಸಿನ ನುಡಿಯಲ್ಲಿ ಅದೇ ಸ್ಥಾನದಲ್ಲಿ ಗಕಾರವು ಬಂದಿತು. ಎರಡೂ ಕಡೆಗಳಿಂದ ಎರವಲು ತಂದ ಆಂಗ್ಲಭಾಷೆಯಲ್ಲಿ ‘ವಾರ್ಡ್’ ಮತ್ತು ‘ಗಾರ್ಡ್’, ‘ವಾರಂಟಿ’ ಮತ್ತು ‘ಗ್ಯಾರಂಟಿ’ ಎಂಬ ಜೋಡಿಗಳು ನಿಂತಿವೆ. ‘ವಾಲಪ್’ ಮತ್ತು ‘ಗ್ಯಾಲಪ್’ ಎಂಬಿವೂ ಅಂತಹ ಸೋದರರೇ. ತಮ್ಮನು ಬಂದು ಓಟದ ಅರ್ಥವನ್ನು ವಶಪಡಿಸಿಕೊಂಡ ಮೇಲೆ ಅಣ್ಣನು ಬೇರೆ ವೃತ್ತಿಯನ್ನು ಹುಡುಕಬೇಕಾಯಿತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ‘ವಾಲಪ್’ ಶಬ್ದವು ನೀರು ಸದ್ದುಮಾಡುತ್ತ ಉಕ್ಕಿ ಕುದಿಯುವುದಕ್ಕೆ ಸಲ್ಲುತ್ತದೆ.

ಈ ಅರ್ಥವು ರಾಜ್ಯಾಂಗದ ಚರಿತ್ರೆಯಲ್ಲಿಯೂ ಗುರುತನ್ನು ಬಿಟ್ಟಿದೆ. ಟಾಂಟನ್, ಹಾನಿಟನ್ ಮೊದಲಾದ ಪಟ್ಟಣಗಳಲ್ಲಿ ಸ್ವಂತ ಒಲೆಯ ಮೇಲೆ ಗಡಿಗೆಯನ್ನು ಕುದಿಸಬಲ್ಲ ಗೃಹಸ್ಥನಿಗೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತಾಧಿಕಾರವಿತ್ತು. ಅಂತಹವನನ್ನು ಕುದಿಯುವಿಕೆಯನ್ನು ಹೇಳುವ ‘ವಾಲ್’ ಎಂಬ ಪ್ರಾಚೀನ ಧಾತುವಿನಿಂದ ‘ಪಾಟ್‌ವಾಲರ್’ ಎಂದು ಕರೆಯುತ್ತಿದ್ದರು. ಆ ಧಾತುವು ಮರೆಯಾದೊಡನೆ ಜನರು ಪರಿಚಿತವಾದ ಶಬ್ದವನ್ನು ಸೇರಿಸಿ ‘ಪಾಟ್‌ವಾಲಪರ್’ ಎಂದರು. 1832ರ ಸುಧಾರಣಾ ಶಾಸನದಿಂದ ಈ ಹಕ್ಕು ಹೊಸಬರಿಗೆ ನಿಂತುಹೋಯಿತು.

ಓಟ ಮತ್ತು ಕುದಿತಗಳಿಂದ ಪೆಟ್ಟಿಗೆ ಅರ್ಥವು ಹೇಗೆ ಸಂಕ್ರಮಿಸಿತು? ಗೊರಸಿನ ಬಡಿತ, ನೀರಿನ ಕೊತಕೊತ, ಕೈಯ ಪೆಟ್ಟು ಇವುಗಳಿಗೆ ಸಾಮಾನ್ಯವಾದುದು ವೇಗವೂ ಶಬ್ದವೂ. ಪೆಟ್ಟಿನ ಅರ್ಥವು ಧ್ವನಿಯ ಅನುಕರಣದಿಂದ ಪ್ರತ್ಯೇಕವಾಗಿಯೇ ಹುಟ್ಟಿರಬಹುದೆಂಬ ಪಕ್ಷವೂ ಉಂಟು. ಆದರೆ ಗತಿ ಮತ್ತು ಪ್ರಹಾರಗಳು ಒಂದೇ ಶಬ್ದದಲ್ಲಿ ಕೂಡುವುದು ಅಪೂರ್ವವಲ್ಲ. ಕನ್ನಡದಲ್ಲಿ ಎತ್ತನ್ನು ಹೊಡೆಯುವುದೂ ಉಂಟು, ಬಂಡಿಯನ್ನು ಹೊಡೆಯುವುದೂ ಉಂಟು. ಪಾಣಿನೀಯ ಧಾತುಪಾಠವು ‘ಹನ್’ ಧಾತುವಿಗೆ ಹಿಂಸೆ, ಗತಿ ಎಂಬ ಎರಡು ಅರ್ಥಗಳನ್ನು ವಿಧಿಸಿದೆ. ಗತ್ಯರ್ಥವು ‘ಪದ್ಧತಿ’ ಮುಂತಾದ ಕೆಲವು ಶಬ್ದಗಳಲ್ಲಿ ಮಾತ್ರ ನಿಂತಿತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ‘ಹಂತಿ’ ಎಂಬುದನ್ನು ಹೋಗುವನೆಂಬ ಅರ್ಥದಲ್ಲಿ ಕವಿಯು ಪ್ರಯೋಗಿಸಿದರೆ ಅದು ‘ಅಸಮರ್ಥ’ವೆಂಬ ದೋಷವೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ಎಣಿಸಿದ್ದಾನೆ. ಕೋಶದಲ್ಲಿರುವ ಅರ್ಥವೆಲ್ಲ ಪ್ರಯೋಗದಲ್ಲಿ ಜೀವಿಸುವುದಿಲ್ಲವೆಂಬುದೇ ಇದರ ತಾತ್ಪರ್ಯ. ‘ವಾಲಪ್’ ಶಬ್ದದ ಓಟದ ಅರ್ಥಕ್ಕೂ ಇದೇ ಗತಿಯಾಯಿತು.

ಐತಿಹ್ಯದ ಚಾಪಲ್ಯವು ಇಷ್ಟಕ್ಕೆ ನಿಲ್ಲಲಿಲ್ಲ. ಹುರುಳಿಲ್ಲದ ಮಾತಿಗೆ ಆಂಗ್ಲರು ‘ಕಾಡ್ಸ್‌ವಾಲಪ್’ ಎನ್ನುವರು. ನಮ್ಮಲ್ಲಿ ಗೋಲಿಸೋಡಾ ಎಂದು ಪ್ರಸಿದ್ಧವಾದ ಸೀಸೆಯನ್ನು 1870ರ ದಶಕದಲ್ಲಿ ನಿರ್ಮಿಸಿದವನು ಹೈರಂ ಕಾಡ್. ‘ವಾಲಪ್’ ಎಂದರೆ ಗ್ರಾಮ್ಯದಲ್ಲಿ ಬಿಯರ್ ಮದ್ಯ. ಮದ್ಯಪಾನಿಗಳು ಸೋಡಾವನ್ನು ಹಳಿದು ‘ಕಾಡನ ವಾಲಪ್’ ಎಂದರಂತೆ. ಆದರೆ ಈ ಸಮಸ್ತಪದಕ್ಕೆ ದೊರೆತಿರುವ ಮೊದಲ ಆಧಾರವು 1959ರ ಒಂದು ಹಾಸ್ಯನಾಟಕ. ಇಲ್ಲಿಯೂ ಕಥೆಗೂ ಪ್ರಯೋಗಕ್ಕೂ ನಡುವೆ ಹಲವು ದಶಕಗಳ ಅಂತರ.

ಕನ್ನಡದ ಅಧ್ಯಾಪಕರಿಗೆ ಈ ವಿಚಾರವು ದೂರದ್ದಲ್ಲ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನಿತ್ತುದರಿಂದ ಬೆಂಗಳೂರಿಗೆ ಆ ಹೆಸರಾಯಿತೆಂದು ಪಾಠ ಹೇಳುವುದುಂಟು. ಬಲ್ಲಾಳನ ಆಳ್ವಿಕೆಯು ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಮೊದಲಾದುದು. ಬೇಗೂರಿನ ವೀರಗಲ್ಲಾದರೋ ಸುಮಾರು 890ರಲ್ಲಿಯೇ ಬೆಂಗಳೂರಿನ ಕಾಳಗವನ್ನು ಹೆಸರಿಸಿದೆ. ವ್ಯಾಕರಣವು ಒದಗದ ಕಡೆಯಲ್ಲಿಯೂ ಅರ್ಥವನ್ನೂ ಅಕ್ಷರಸಾಮ್ಯವನ್ನೂ ಹಿಡಿದು ನಿರ್ವಚನ ಮಾಡಬೇಕೆಂದು ಯಾಸ್ಕರು ವಿಧಿಸಿದರು. ಆ ಎರಡರೊಡನೆ ಪ್ರಯೋಗಕಾಲವೆಂಬ ಮೂರನೆಯ ಸಾಕ್ಷಿಯನ್ನೂ ಕೇಳುವುದು ಇಂದಿನ ಶಾಸ್ತ್ರದ ನಿಯಮ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದರೆ ಅದರ ಸೊಬಗಿಗೆ ಹಾನಿಯಿಲ್ಲ. ವ್ಯುತ್ಪತ್ತಿಯೆಂದು ಹೇಳಿದರೆ ಮಾತ್ರ ವಿದ್ಯಾರ್ಥಿಗೆ ಅನ್ಯಾಯ.