ಗ್ಲೈಕೋಡೆಲಿನ್

ಗರ್ಭಾವಸ್ಥೆಯ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪೊರೆ ಹೇರಳವಾಗಿ ಸ್ರವಿಸುವ ಸಕ್ಕರೆಯುಕ್ತ ಪ್ರೋಟೀನು. ತಾಯಿಯ ಸಹಾಯಕ ಟಿ ಕೋಶಗಳ (ಪ್ರತಿರಕ್ಷೆಯನ್ನು ನಿರ್ದೇಶಿಸುವ ಬಿಳಿ ರಕ್ತಕಣಗಳ) ಚಟುವಟಿಕೆಯನ್ನು ಹತೋಟಿಯಲ್ಲಿಡುವ ಅಂಶಗಳಲ್ಲಿ ಇದೂ ಒಂದು.

ಹಿನ್ನೆಲೆ: ಭ್ರೂಣದ ಅರ್ಧದಷ್ಟು ಜೀನುಗಳು ತಂದೆಯವು. ಹೀಗಿದ್ದೂ ತಾಯಿಯ ದೇಹ ಅದನ್ನು ಹೊರಗಿನದೆಂದು ತಿರಸ್ಕರಿಸುವುದಿಲ್ಲವೇಕೆ ಎಂಬ ಪ್ರಶ್ನೆಯನ್ನು ಪೀಟರ್ ಮೆಡವಾರ್ 1953ರಲ್ಲಿ ಎತ್ತಿದರು. ಸಹಾಯಕ ಟಿ ಕೋಶಗಳಲ್ಲಿ ಟಿಎಚ್-1 (ಕೋಶಗಳ ಮೇಲಿನ ನೇರ ದಾಳಿಗೆ ನೆರವಾಗುವವು), ಟಿಎಚ್-2 (ಪ್ರತಿಕಾಯಗಳ ತಯಾರಿಕೆಗೆ ನೆರವಾಗುವವು) ಎಂಬ ಎರಡು ಬಗೆಗಳಿವೆಯೆಂದು 1986ರಲ್ಲಿ ಮಾಸ್‌ಮನ್ ಮತ್ತು ಕಾಫ್‌ಮನ್ ತೋರಿಸಿದರು. ಬಸಿರಿನಲ್ಲಿ ಟಿಎಚ್-2 ಕಡೆಗೆ ಒಲವಿರುತ್ತದೆಂಬ ವಾದವನ್ನು ವೆಗ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಮಂಡಿಸಿದರು. ಈ ಒಲವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು ಎಂಬುದು ಈಗಿನ ಅಭಿಪ್ರಾಯ.

ಶೋಧ: 1970–80ರ ದಶಕಗಳಲ್ಲಿ ಹಲವು ಪ್ರಯೋಗಾಲಯಗಳು ಗ್ಲೈಕೋಡೆಲಿನ್ನನ್ನು ಬೇರೆಬೇರೆ ಹೆಸರಿನಲ್ಲಿ ಗುರುತಿಸಿದವು. ಜರ್ಮನಿಯ ಹಾನ್ಸ್ ಬೋನ್ ಇಟ್ಟ ಹೆಸರು ಪಿಪಿ-14. ಅದು ಪ್ರತಿರಕ್ಷೆಯನ್ನು ತಗ್ಗಿಸುತ್ತದೆಂದು 1987ರಲ್ಲಿ ಬೋಲ್ಟನ್ ಮತ್ತು ಸಂಗಡಿಗರು ವರದಿ ಮಾಡಿದರು. ಮರುವರ್ಷ ಇದರ ಅಮೈನೋ ಆಮ್ಲಗಳ ಜೋಡಣೆ ತಿಳಿದಾಗ, ಹಸುವಿನ ಹಾಲಿನ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್‌ಗೆ ಇದು ಹತ್ತಿರದ ಸಂಬಂಧಿಯೆಂದು ಖಚಿತವಾಯಿತು. ಗ್ಲೈಕೋಡೆಲಿನ್ ಎಂಬ ಹೆಸರು ಬಳಕೆಗೆ ಬಂದದ್ದು 1990ರ ದಶಕದಲ್ಲಿ.

ಬೆಂಗಳೂರಿನ ಕೊಡುಗೆ: ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಅಂಜಲಿ ಕಾರಂಡೆಯವರ ತಂಡ ಗ್ಲೈಕೋಡೆಲಿನ್ನನ್ನು ಕೈಗೆತ್ತಿಕೊಂಡಿತು. ಗರ್ಭಕೋಶದಲ್ಲಿ ಸ್ರವಿಸುವ 'ಎ' ರೂಪಕ್ಕೂ ವೀರ್ಯದ್ರವದಲ್ಲಿರುವ 'ಎಸ್' ರೂಪಕ್ಕೂ ಪ್ರೋಟೀನ್ ಸರಪಣಿ ಒಂದೇ. ಅದಕ್ಕೆ ಅಂಟಿಕೊಂಡ ಸಕ್ಕರೆಗಳು ಮಾತ್ರ ಬೇರೆ. ಟಿ ಕೋಶಗಳನ್ನು ಸಾವಿಗೆ ದೂಡುವುದು 'ಎ' ರೂಪ ಮಾತ್ರವೆಂದೂ ಅದಕ್ಕೆ ಸಕ್ಕರೆಯ ತುದಿಯಲ್ಲಿರುವ ಸಿಯಾಲಿಕ್ ಆಮ್ಲ ಮುಖ್ಯವೆಂದೂ ಈ ತಂಡ 2004ರಲ್ಲಿ ತೋರಿಸಿತು. ಈ ಸಾವು ಮೈಟೋಕಾಂಡ್ರಿಯದ ಮೇಲಿನ ಒತ್ತಡದ ಹಾದಿಯಲ್ಲಿ ನಡೆಯುತ್ತದೆಂದು 2008ರಲ್ಲಿ ಪ್ರಕಟಿಸಿತು. ಸಿಡಿ-8 ಎಂಬ ಇನ್ನೊಂದು ಬಗೆಯ ಟಿ ಕೋಶಗಳ ಕೊಲ್ಲುವ ಸಾಮರ್ಥ್ಯವೂ ಇದರಿಂದ ಕುಗ್ಗುತ್ತದೆಂಬುದು 2010ರ ವರದಿ.

ಸಹಾಯಕ ಕೋಶಗಳ ಮೇಲಿನ ಪರಿಣಾಮ: ಗ್ಲೈಕೋಡೆಲಿನ್-ಎ ಎರಡೂ ಬಗೆಯ ಕೋಶಗಳನ್ನು ಒಂದೇ ರೀತಿ ಬಾಧಿಸುವುದಿಲ್ಲ. ಟಿಎಚ್-1 ಕೋಶಗಳು ಇದಕ್ಕೆ ಹೆಚ್ಚಾಗಿ ಬಲಿಯಾಗುತ್ತವೆ, ಟಿಎಚ್-2 ಕೋಶಗಳು ಬಹುಮಟ್ಟಿಗೆ ಉಳಿಯುತ್ತವೆ ಎಂದು 2011ರಲ್ಲಿ ಹಾಂಗ್‌ಕಾಂಗ್ ಸಂಶೋಧಕರು ವರದಿ ಮಾಡಿದರು. ಹೀಗೆ ಟಿಎಚ್-2 ಮೇಲುಗೈಗೆ ಟಿಎಚ್-1 ಕೋಶಗಳ ಅಳಿವೂ ಒಂದು ಕಾರಣವಾಗಬಲ್ಲದು. ಈ ತಿಳಿವಿನ ಬಹುಪಾಲು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಂದ ಬಂದದ್ದು.